ಕೌತಾಳಂ ದಾರಿ ಕಾದ ವರ್ಷ

ಸಂಕ್ರಾಂತಿ ಕಳೆದ ಮೂರನೆಯ ದಿನ ನಾನೂ ಮೇಸ್ತ್ರಿಯೂ ಒಂದು ಪಿಕಾಸಿ, ಒಂದು ಟೇಪು, ಎರಡು ಹೊತ್ತಿನ ಜೋಳದ ರೊಟ್ಟಿ ಕಟ್ಟಿಕೊಂಡು ಆದವಾನಿಯಿಂದ ಕಾಲ್ನಡಿಗೆಯಲ್ಲಿ ಹೊರಟೆವು. ಪ್ರತಿ ಫರ್ಲಾಂಗಿಗೆ ರಸ್ತೆಯ ನಡುವೆ ಗೇಣಗಲದ ಒಂದು ಗುಳಿ ತೋಡುವುದು, ಜಲ್ಲಿಯ ಪದರ ಎಷ್ಟು ಬೆರಳು ಉಳಿದಿದೆ ಎಂದು ಅಳೆಯುವುದು, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು, ಗುಳಿ ಮುಚ್ಚಿ ದಮ್ಮಸ್ಸು ಹಾಕಿ ಮುಂದೆ ಹೋಗುವುದು. ರಸ್ತೆ ಗಟ್ಟಿಯಿದೆಯೇ ಎಂದು ತಿಳಿಯಲು ರಸ್ತೆಯನ್ನೇ ಅಗೆಯುವ ಓವರ್ಸಿಯರನನ್ನು ಆ ಸೀಮೆ ಅದುವರೆಗೆ ಕಂಡಿರಲಿಲ್ಲ. ಎದುರು ಬಂದ ಬಂಡಿಯವನೊಬ್ಬ ಎತ್ತು ನಿಲ್ಲಿಸಿ, "ಏನ್ ಕಳಕೊಂಡೀರಿ ಸಾಹೇಬ್ರ? ನಾನೂ ಇಳದು ಹುಡುಕಲೇನು?" ಎಂದು ಕೇಳಿದ. ಮೇಸ್ತ್ರಿಗೆ ನಗು ಬಂತು, ನನಗೆ ಸಿಟ್ಟು ಬಂತು. ಆ ವಯಸ್ಸಿನಲ್ಲಿ ನನಗೆ ಸಿಟ್ಟು ಬೇಗ ಬರುತ್ತಿತ್ತು.

ಎರಡನೆಯ ಮಹಾಯುದ್ಧ ಶುರುವಾಗಿ ಎರಡು ವರ್ಷವಾಗಿತ್ತು. ಆದವಾನಿ ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಜಿಲ್ಲಾ ಬೋರ್ಡಿನ ಮೂರು ರಸ್ತೆಗಳು ನನ್ನ ಸುಪರ್ದಿನಲ್ಲಿದ್ದವು. ಒಂದು ಪೆದ್ದಹರಿವಾಣದ ದಾರಿ (ನಮ್ಮ ಬಾಯಲ್ಲಿ ಬರೀ ಹರಿವಾಣ), ಒಂದು ಕೌತಾಳಂ ದಾರಿ, ಇನ್ನೊಂದು ಚಿಪ್ಪಗಿರಿ ಕಡೆಗೆ ಹೋಗುವುದು. ಬಹುಪಾಲು ಎರೆನೆಲ. ಎರೆಮಣ್ಣು ಬೇಸಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಅಂಟಾಗಿ ಗಾಲಿಯನ್ನು ಅಚ್ಚಿನವರೆಗೆ ನುಂಗುತ್ತದೆ. ಅದರ ಮೇಲೆ ಜಲ್ಲಿಯ ಪದರವೊಂದೇ ಬಂಡಿಗೂ ಮಣ್ಣಿಗೂ ನಡುವಿನ ಅಡ್ಡಿ. ಹತ್ತಿಯ ಕಾಲದಲ್ಲಿ ಕಬ್ಬಿಣದ ಪಟ್ಟಿ ಹೊಡೆದ ಗಾಲಿಗಳು ಒಂದರ ಹಿಂದೊಂದು ಅದೇ ಜಾಡಿನಲ್ಲಿ ಹೋಗಿ ಆ ಪದರವನ್ನು ಕೊಯ್ದುಹಾಕುತ್ತಿದ್ದವು.

ನನಗಿಂತ ಮೊದಲು ಇದ್ದವರ ಪದ್ಧತಿ ಬಹಳ ಸರಳ. ವರ್ಷಕ್ಕೆ ಬೋರ್ಡು ಮಂಜೂರು ಮಾಡಿದಷ್ಟು ಜಲ್ಲಿಯನ್ನು ಮೂರೂ ರಸ್ತೆಗೆ, ಫರ್ಲಾಂಗಿಗೊಂದು ಗುಡ್ಡೆಯಂತೆ, ಯಾರಿಗೂ ಬೇಜಾರಾಗದ ಹಾಗೆ ಹಂಚಿಬಿಡುವುದು. ಪ್ರತಿ ಊರಿನವರೂ ತಮ್ಮ ಊರ ಮುಂದೆ ಒಂದು ಗುಡ್ಡೆ ಬಿದ್ದಿದ್ದನ್ನು ನೋಡಿ ಸಮಾಧಾನಪಡುತ್ತಿದ್ದರು. ಮೇಸ್ತ್ರಿ ಇದಕ್ಕೆ 'ಪ್ರಸಾದ ಹಂಚೋದು' ಎಂದು ಹೆಸರಿಟ್ಟಿದ್ದ. ಇಪ್ಪತ್ತು ವರ್ಷ ಆ ಪ್ರಸಾದವನ್ನು ಅವನೇ ತನ್ನ ಎಂಟು ಜನ ಕೂಲಿಗಳನ್ನು ಕಟ್ಟಿಕೊಂಡು ಹರಡಿದ್ದ. ಮೂರು ರಸ್ತೆಯೂ ಒಂದು ವರ್ಷವಾದರೂ ಪೂರ್ತಿ ಚೆನ್ನಾಗಿದ್ದದ್ದನ್ನು ಮಾತ್ರ ಅವನು ನೋಡಿರಲಿಲ್ಲ.

ಒಂಬತ್ತು ದಿನ ಅಗೆದೆವು. ಚಿಪ್ಪಗಿರಿಯ ದಾರಿ ಗಟ್ಟಿಯಾಗಿತ್ತು, ಐದಾರು ಬೆರಳು ಪದರ. ಹರಿವಾಣದ ದಾರಿಯಲ್ಲಿ ಮೂರು ಬೆರಳು, ಕೆಲವು ಕಡೆ ಎರಡು. ಕೌತಾಳಂ ದಾರಿಯ ಅರ್ಧದಷ್ಟು ಗುಳಿಗಳಲ್ಲಿ ಜಲ್ಲಿಯೇ ಇಲ್ಲ, ಪಿಕಾಸಿ ನೇರವಾಗಿ ಕಪ್ಪುಮಣ್ಣಿಗೆ ಇಳಿಯಿತು. ವರ್ಷ ವರ್ಷ ಹಾಕಿದ ಜಲ್ಲಿ ಎಲ್ಲಿ ಹೋಯಿತೆಂದು ಮೊಣಕಾಲುದ್ದ ತೋಡಿ ನೋಡಿದರೆ, ಕೆಳಗೆ ಮಣ್ಣಿನಲ್ಲಿ ಹುದುಗಿ ಕೂತಿತ್ತು. ತೆಳ್ಳಗೆ ಹಾಕಿದ್ದನ್ನೆಲ್ಲ ಎರೆಮಣ್ಣು ಒಂದೇ ಮಳೆಗಾಲದಲ್ಲಿ ನುಂಗಿಬಿಟ್ಟಿತ್ತು.

ಒಂದೇ ಒಂದು ಕಡೆ ಪಿಕಾಸಿ ನಮ್ಮನ್ನು ಸೋಲಿಸಿತು. ಹರಿವಾಣದ ಹಳ್ಳದ ಹತ್ತಿರ ಕುರಿ ಮಂದೆಗಳು ನೀರಿಗೆ ರಸ್ತೆ ದಾಟುವ ಜಾಗ. ಅಲ್ಲಿ ನಾಲ್ಕು ಏಟು ಹಾಕಿದರೂ ಕಿಡಿ ಬಂತೇ ಹೊರತು ಗುಳಿ ಬೀಳಲಿಲ್ಲ. "ಆ ಕುರುಬ ಮುದುಕ ದಿನಾ ಮುನ್ನೂರು ಕುರಿ ಹಾಯಿಸ್ತಾನ್ರಿ ಇಲ್ಲಿ. ಬದು ಎಲ್ಲಾ ಕೆಡವತಾವ. ಕಲ್ಲು ಒಗದು ಒಗದು ನನ್ನ ರಟ್ಟಿ ಸೋತೈತಿ" ಎಂದು ಮೇಸ್ತ್ರಿ ಬೈದ. ನಾನು ಪುಸ್ತಕದಲ್ಲಿ 'ಗುಳಿ ತೋಡಲಾಗಲಿಲ್ಲ' ಎಂದು ಬರೆದು ಮುಂದೆ ನಡೆದೆ.

ಬರೆದದ್ದನ್ನೆಲ್ಲ ಹರಡಿಕೊಂಡು ಕೂತಾಗ ಲೆಕ್ಕ ತಾನಾಗಿಯೇ ಎದ್ದು ಬಂತು. ಹರಿವಾಣದ ದಾರಿಗೆ ಈಗಲೇ ನಾಲ್ಕು ಬೆರಳು ದಪ್ಪದ ಹೊಸ ಪದರ ಕೊಟ್ಟರೆ ಅದು ಎಂಟು ಹತ್ತು ವರ್ಷ ನಿಲ್ಲುತ್ತದೆ. ಇನ್ನೊಂದು ಮಳೆಗಾಲ ಬಿಟ್ಟರೆ ಅದೂ ಕೌತಾಳಂ ದಾರಿಯ ಹಾಗೆ ಆಗುತ್ತದೆ, ಆಮೇಲೆ ಎರಡಕ್ಕೂ ಸಾಲುವಷ್ಟು ಜಲ್ಲಿ ಎಂದೂ ಸಿಗುವುದಿಲ್ಲ. ಚಿಪ್ಪಗಿರಿಯ ದಾರಿಗೆ ಜಲ್ಲಿಯೇ ಬೇಡ, ಪಕ್ಕದ ಕಾಲುವೆ ತೆಗೆದು ನೀರು ನಿಲ್ಲದಂತೆ ನೋಡಿಕೊಂಡರೆ ಸಾಕು. ಹಾಗಾದರೆ ಮೊದಲ ವರ್ಷ ಜಲ್ಲಿಯೆಲ್ಲ ಹರಿವಾಣಕ್ಕೆ. ಎರಡನೆಯ ವರ್ಷ, ಉಳಿದೆರಡು ರಸ್ತೆ ಏನೂ ಕೇಳದಿರುವಾಗ, ಜಲ್ಲಿಯೆಲ್ಲ ಒಟ್ಟಿಗೆ ಕೌತಾಳಕ್ಕೆ. ಅಲ್ಲಿಯವರೆಗೆ ತೀರಾ ಕೆಟ್ಟ ರಸ್ತೆಯೇ ಕಾಯಬೇಕು.

ಯುಗಾದಿಗೆ ಮೊದಲು ಬೋರ್ಡಿನ ಇಂಜಿನಿಯರರು ಆದವಾನಿಯ ಬಂಗಲೆಯಲ್ಲಿ ಸಭೆ ಕರೆದರು. ಅವರು ಕರಾವಳಿ ಆಂಧ್ರದವರು, ಮಾತು ಕಡಿಮೆ, ಆಡಿದ್ದಷ್ಟೂ ತೆಲುಗು. ಬೋರ್ಡಿನ ಮೆಂಬರರಾಗಿದ್ದ ಕೌತಾಳದ ಹತ್ತಿ ಸಾಹುಕಾರರೂ ಬಂದಿದ್ದರು. ಹಣೆತುಂಬ ವಿಭೂತಿ, ಕೈಯಲ್ಲಿ ಬೆತ್ತ. ನಾನು ನನ್ನ ಲೆಕ್ಕದ ಪಟ್ಟಿ ಓದಿದ್ದೇ ತಡ, ಸಾಹುಕಾರರು ಬೆತ್ತ ನೆಲಕ್ಕೆ ಕುಟ್ಟಿದರು.

"ಓವರ್ಸೀರ್ರ, ಹಸದಾವನ್ನ ಪಂಗ್ತಿಯಿಂದ ಎಬ್ಬಿಸಿ, ಉಂಡಾವಗ ಮತ್ತ ಬಡಸ್ತೀರೇನು?"

ನಾನು ಕೌದಿಯ ಉದಾಹರಣೆ ಕೊಟ್ಟೆ. ಕೌದಿಗೆ ಸಣ್ಣ ತೂತು ಬಿದ್ದಾಗಲೇ ತೇಪೆ ಹಾಕಿದರೆ ಒಂದೆಳೆ ದಾರದಲ್ಲಿ ಮುಗಿಯುತ್ತದೆ, ಚಿಂದಿಯಾದ ಮೇಲೆ ಹೊಸ ಕೌದಿಯೇ ಬೇಕಾಗುತ್ತದೆ ಎಂದೆ.

"ಖರೆ ಐತಿ. ಆದ್ರ ಚಿಂದಿ ಕೌದಿ ಹೊದ್ದು ನಡುಗಾವನ ಮುಂದ ಬಂದು ಈ ಮಾತು ಹೇಳ್ರಿ" ಎಂದರು ಸಾಹುಕಾರರು.

ಇಂಜಿನಿಯರರು ಪಟ್ಟಿಯನ್ನು ಎರಡು ಸಲ ಓದಿ, ಒಂದು ವರ್ಷ ನೋಡೋಣ ಎಂದರು. ಜೊತೆಗೇ ಒಂದು ಷರತ್ತು ಹಾಕಿದರು. ಹರಿವಾಣದ ರಸ್ತೆ ಮಳೆಗಾಲ ಕಳೆದು ಹತ್ತಿ ಬಂಡಿಗಳ ಕಾಲದವರೆಗೆ ನಿಂತರೆ ಎರಡನೆಯ ವರ್ಷದ ಜಲ್ಲಿ ಪೂರ್ತಿ ಕೌತಾಳಕ್ಕೆ. ನಿಲ್ಲದಿದ್ದರೆ ಈ ಗ್ಯಾಂಗನ್ನೇ ತೆಗೆದು, ಮೂರೂ ರಸ್ತೆಯನ್ನು ವರ್ಷದ ಗುತ್ತಿಗೆಗೆ ಕೊಟ್ಟುಬಿಡುವುದು. ಗ್ಯಾಂಗು ಎಂದರೆ ಮೇಸ್ತ್ರಿ ಮತ್ತು ಅವನ ಎಂಟು ಜನ. ನನಗಾದರೆ ಬೇರೆ ಊರಿಗೆ ವರ್ಗವಾಗುತ್ತಿತ್ತು, ಅವರಿಗೆ ಹೋಗಲು ಬೇರೆ ಊರಿರಲಿಲ್ಲ.

ಮೇಸ್ತ್ರಿ ಬಂಗಲೆಯ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದ. ವಿಷಯ ಹೇಳಿದೆ. ಅವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಕೂಲಿಗಳಲ್ಲೊಬ್ಬ ನನ್ನ ಹತ್ತಿರ ಬಂದು ಮೆಲ್ಲಗೆ, "ಮೇಸ್ತ್ರಿ ಮಗಳನ್ನ ಕೌತಾಳಕ್ಕ ಕೊಟ್ಟೈತಿ ಸಾರ್. ಆಕಿಗೆ ಈಗ ಮೂರು ತಿಂಗಳು. ಚೊಚ್ಚಲ ಬಾಣಂತನ ತವರಾಗ ಆಗಬೇಕು. ಮಳಿಗಾಲದಾಗ ಆ ದಾರಿ ಮ್ಯಾಲ ಕರಕೊಂಡು ಬರಬೇಕಲ್ಲ" ಎಂದ.

ನಾನು ಹೋಗಿ ಮೇಸ್ತ್ರಿಯ ಪಕ್ಕದಲ್ಲಿ ಕೂತೆ. ಇಪ್ಪತ್ತು ಗುಡ್ಡೆ ಜಲ್ಲಿಯನ್ನಾದರೂ ಕೌತಾಳಂ ದಾರಿಗೆ ತಿರುಗಿಸೋಣ, ಇಂಜಿನಿಯರರಿಗೆ ನಾನು ಹೇಳಿಕೊಳ್ಳುತ್ತೇನೆ ಎಂದೆ. ಮೇಸ್ತ್ರಿ ನನ್ನ ಮೇಲೆ ಸಿಟ್ಟಾಗಿದ್ದು ಅದೇ ಮೊದಲು, ಅದೇ ಕೊನೆ.

"ಬ್ಯಾಡ್ರಿ. ಇಲ್ಲಿ ಇಪ್ಪತ್ತು, ಅಲ್ಲಿ ಇಪ್ಪತ್ತು ಅಂದ್ರ ಮತ್ತ ಪ್ರಸಾದ ಹಂಚಿದಂಗ ಆತು. ಆ ಮಣ್ಣಾಗ ಹೂತಿರೋ ಜಲ್ಲಿ ನೀವು ನೋಡೀರಿ, ಅದನ್ನ ಹಾಕಿದಾವ ನಾನು. ಮಗಳನ್ನ ಬ್ಯಾಸಿಗ್ಯಾಗ ಕರಕೊಂಡು ಬರ್ತೀನಿ, ಬೀಗರು ಏನಾರ ಅನ್ಲಿ. ನೀವು ಒಂದು ದಾರಿ ಪೂರಾ ಮಾಡ್ರಿ."

ಅಂದಂತೆಯೇ ವೈಶಾಖದಲ್ಲಿ, ಐದನೆಯ ತಿಂಗಳಿಗೇ, ಮಗಳನ್ನು ಕರೆತಂದ. ಬೀಗತಿ ಅಂದದ್ದು ಸ್ವಲ್ಪವೇನಲ್ಲವಂತೆ. ಒಣ ಬೇಸಗೆಯಲ್ಲೂ ಆ ದಾರಿಯ ಏರುತಗ್ಗಿನಲ್ಲಿ ಬಂಡಿ ಕುಲುಕುತ್ತದೆಂದು ಆ ಹುಡುಗಿ ಅರ್ಧಕ್ಕರ್ಧ ನಡೆದೇ ಬಂದಳು. ಕೌತಾಳಂ ದಾರಿಗೆ ಆ ವರ್ಷ ನಾವು ಮಾಡಿದ್ದು ಇಷ್ಟೇ. ಎರಡು ಹಳ್ಳ ದಾಟುವ ಕಡೆ ಮಾತ್ರ ಕಲ್ಲು ಹಾಸಿ, ಪಕ್ಕದಲ್ಲಿ ಜಾಲಿ ಕಡಿದು ಒಣಗಾಲದ ಬಂಡಿಗಳಿಗೆ ಒಂದು ಬದಲಿ ಜಾಡು ಮಾಡಿಕೊಟ್ಟೆವು.

ಬೇಸಗೆ ಪೂರ್ತಿ ವಡ್ಡರು ಆದವಾನಿಯ ಗುಡ್ಡದ ಬುಡದಲ್ಲಿ ಕಲ್ಲು ಒಡೆದರು. ಜಲ್ಲಿ ಹರಿವಾಣದ ದಾರಿಯುದ್ದಕ್ಕೂ ಗುಡ್ಡೆಯಾಗಿ ಬಿತ್ತು. ಜೂನಿನ ಮಿರಗದ ಮಳೆ ಬಿದ್ದು ಹಳ್ಳಗುಂಡಿಗಳಲ್ಲಿ ನೀರು ಸಿಗುವ ಹೊತ್ತಿಗೆ ಹರಡಿ, ಮೇಲೆ ನುರುಜುಗಲ್ಲಿನ ಗರಸುಮಣ್ಣು ಚೆಲ್ಲಿ, ನೀರು ಹೊಡೆದು ಉಗಿರೋಲರಿನಿಂದ ಕೂರಿಸುವುದು ಕ್ರಮ. ಜಲ್ಲಿಯ ಸಂದಿಗೆ ಗರಸು ಇಳಿದು ಅಂಟಿಕೊಂಡರೇ ಪದರ ಒಂದು ಮೈಯಾಗುವುದು. ಹರಡುವುದಕ್ಕೆ ವಾರವಿರುವಾಗ ಬಳ್ಳಾರಿಯಿಂದ ಕಾಗದ ಬಂತು. ರೋಲರು ಮಿಲಿಟರಿ ಕೆಲಸಕ್ಕೆ ಹೋಗಿದೆ, ಯಾವಾಗ ಬರುತ್ತದೋ ಹೇಳಲಾಗದು, ನಿಮಗೆ ತೋಚಿದಂತೆ ಮಾಡಿಕೊಳ್ಳಿ.

ನಮಗೆ ತೋಚಿದ್ದು ಎತ್ತು ಎಳೆಯುವ ಕಲ್ಲಿನ ಉರುಳೆ. ಎರಡು ದಿನ ಎಳೆಸಿದೆವು. ಜಲ್ಲಿ ಹೇಗೋ ಕೂತಿತು, ಆದರೆ ಒದ್ದೆ ಗರಸು ಉರುಳೆಗೇ ಮೆತ್ತಿಕೊಂಡು ಬಂತು, ಸಂದಿಗೆ ಇಳಿಯಲಿಲ್ಲ. ಕಾಲಿನಿಂದ ಒದ್ದರೆ ಕಲ್ಲು ಗಡಗಡ ಅಲುಗುತ್ತಿದ್ದವು. ಮೊದಲ ಹತ್ತಿ ಬಂಡಿಗೇ ಇದು ಎದ್ದು ಹೋಗುವುದು ಖಂಡಿತ. ನಾನು ತಲೆಯ ಮೇಲೆ ಕೈ ಹೊತ್ತು ಮೈಲಿಗಲ್ಲಿನ ಮೇಲೆ ಕೂತೆ. ಮೇಸ್ತ್ರಿ ದೂರದಲ್ಲಿ ನಿಂತು ಹಳ್ಳದ ಕಡೆ ನೋಡುತ್ತಿದ್ದ. ಆಮೇಲೆ ಬಂದು, ಬಾಯಿಗೆ ಕಹಿ ಹಾಕಿಕೊಂಡವನ ಮುಖ ಮಾಡಿ ಹೇಳಿದ:

"ಸಾರ್, ಅವತ್ತು ಪಿಕಾಸಿ ಇಳೀಲಿಲ್ಲ ನೋಡ್ರಿ. ಕುರಿ ಹಾಯೋ ಜಾಗದಾಗ."

ನಾನು ಎದ್ದು ನಿಂತೆ. ಕುರಿಯ ಗೊರಸು ಚೂಪು, ಉರುಳೆಯಂತೆ ಮೇಲೆ ಮೇಲೆ ಜಾರುವುದಿಲ್ಲ, ಒತ್ತಿ ಒಳಗೆ ಇಳಿಸುತ್ತದೆ. ಇಷ್ಟು ವರ್ಷ ಓದಿದ ನನಗೆ ಹೊಳೆಯದೆ ಹೋಗಿತ್ತು.

ಕುರುಬ ಅಜ್ಜನನ್ನು ಹುಡುಕಿಕೊಂಡು ಹೋಗಬೇಕಾದವನು, ಪಾಪ, ಮೇಸ್ತ್ರಿಯೇ. ನಾನೂ ಜೊತೆಗೆ ಹೋದೆ. ಅಜ್ಜ ಕಂಬಳಿಯ ಮೇಲೆ ಕೂತು, ನಮ್ಮನ್ನು ನಿಲ್ಲಿಸಿಯೇ ಪೂರ್ತಿ ಕೇಳಿದ. ಕೊನೆಗೆ, "ಅಲ್ಲೋ ಮೇಸ್ತ್ರಿ, ಇಷ್ಟು ದಿನ ದಾರಿ ತುಳದ್ರ ಕಲ್ಲು ಒಗೀತಿದ್ದಿ. ಈಗ ತುಳಸಂತ ನೀನಾ ಬಂದೀಯಲ್ಲ!" ಎಂದು ಬೊಚ್ಚುಬಾಯಿ ಬಿಟ್ಟು ನಕ್ಕ. ಅವನ ಷರತ್ತು ಒಂದೇ. ಇನ್ನು ಮುಂದೆ ರಸ್ತೆಬದಿಯ ಹುಲ್ಲು ಅವನ ಕುರಿಗೆ, ಯಾರೂ ಕಲ್ಲು ಒಗೆಯಬಾರದು. ಮೇಸ್ತ್ರಿ ಎಲ್ಲರ ಮುಂದೆ ಆಗಲಿ ಎಂದ.

ಮಾರನೆಯ ದಿನ ಅಜ್ಜನ ಮಂದೆಯ ಜೊತೆಗೆ ಅವನ ತಮ್ಮಂದಿರದೂ ಬಂತು. ಅರ್ಧ ಫರ್ಲಾಂಗು ಗರಸು ಚೆಲ್ಲಿ, ನೀರು ಹೊಡೆದು, ಸಾಲು ಸಾಲು ಕುರಿಗಳನ್ನು ಹಿಂದಕ್ಕೂ ಮುಂದಕ್ಕೂ ನಡೆಸಿದೆವು. ಸಂಜೆ ಒದ್ದು ನೋಡಿದೆ, ಒಂದು ಕಲ್ಲೂ ಅಲುಗಲಿಲ್ಲ. ನನ್ನ ಖುಷಿಗೆ ಪಾರವಿರಲಿಲ್ಲ. ಹೊಲವೆಲ್ಲ ರಾಡಿ, ರಾತ್ರಿ ಮಂದೆಯನ್ನು ರಸ್ತೆಯ ಮೇಲೇ ನಿಲ್ಲಿಸಲೇ ಎಂದು ಅಜ್ಜ ಕೇಳಿದ. ಇನ್ನಷ್ಟು ತುಳಿಯಲಿ, ಒಳ್ಳೆಯದೇ ಎಂದು ಒಪ್ಪಿ ಬಿಡಾರಕ್ಕೆ ಹೋದೆ.

ಬೆಳಿಗ್ಗೆ ಬಂದು ನೋಡಿದರೆ ಹರಿವಾಣದ ಹೆಂಗಸರು ಹದಿನೈದು ಇಪ್ಪತ್ತು ಜನ, ಬುಟ್ಟಿ ಕಸಬರಿಗೆ ಹಿಡಿದು ರಸ್ತೆಯನ್ನು ಗುಡಿಸುತ್ತಿದ್ದರು. ಕುರಿಯ ಹಿಕ್ಕೆ ಎಂದರೆ ಆ ಸೀಮೆಯಲ್ಲಿ ಹೊಲಕ್ಕೆ ಅಮೃತ. ಒಂದು ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿದರೆ ರೈತರು ಕುರುಬರಿಗೆ ಜೋಳ ಅಳೆದು ಕೊಡುತ್ತಾರೆ. ಅದು ರಸ್ತೆಯ ಮೇಲೆ ಬಿಟ್ಟಿಯಾಗಿ ಬಿದ್ದಿದ್ದರೆ ಬಿಟ್ಟಾರೆಯೇ? ಹಿಕ್ಕೆಯ ಜೊತೆಗೆ ಇನ್ನೂ ಹಸಿಯಾಗಿದ್ದ ನನ್ನ ಗರಸೂ ಬುಟ್ಟಿ ಸೇರಿತ್ತು. ಅರ್ಧ ಫರ್ಲಾಂಗು ಜಲ್ಲಿ ಹಲ್ಲು ಕಿರಿದುಕೊಂಡು ಮಲಗಿತ್ತು.

ನಾನು ಕೂಗಾಡಿದೆ. ಅವರಲ್ಲಿ ಹಿರಿಯಳೊಬ್ಬಳು ಸೊಂಟದ ಮೇಲೆ ಕೈಯಿಟ್ಟು, "ಯಾಕ ಒದರತೀರಿ ಸಾರೂ? ಹಿಕ್ಕಿ ಹಾಳಾಗಬಾರದಂತ ಬಂದೀವಿ. ನಿಮ್ಮ ದಾರಿನೂ ಕಸ ಹೊಡದು ಚೊಕ್ಕ ಮಾಡೀವಿ. ಕೂಲಿ ಕೇಳೀವೇನು?" ಎಂದಳು. ಮೇಸ್ತ್ರಿ ಆ ಕಡೆ ತಿರುಗಿ ನಿಂತ. ಅವನ ಹೆಗಲು ಕುಲುಕುತ್ತಿದ್ದದ್ದು ನಗುವಿನಿಂದಲೋ ಅಳುವಿನಿಂದಲೋ ಕೊನೆಗೂ ಹೇಳಲಿಲ್ಲ.

ದಾರಿ ತೋರಿಸಿದವನು ಕುರುಬ ಅಜ್ಜ. "ಆಕಿ ಹೇಳೋದ್ರಾಗ ತಪ್ಪೇನೈತಿ? ಕುರಿ ಹೊಲದಾಗ ನಿಲ್ಲಬೇಕು, ದಾರಿ ಮ್ಯಾಲ ನಡೀಬೇಕು. ಮಳಿ ಒಂದೆರಡು ದಿನ ಬಿಡುವು ಕೊಟ್ರ ಹೊಲ ಆರತೈತಿ. ರಾತ್ರಿ ಅವರ ಹೊಲದಾಗ ಇರ್ತೀನಿ, ಹಿಕ್ಕಿ ಅವರದು, ಜೋಳ ನಂದು. ಬೆಳಿಗ್ಗೆ ಹೊಟ್ಟಿ ಹಗುರಾದ ಮ್ಯಾಲ ದಾರಿಗೆ ಹೊಡೀತೀನಿ" ಎಂದ.

ಅವನು ಅಷ್ಟು ಹೇಳಿದಾಗ ನನಗೆ ಇನ್ನೊಂದು ಹೊಳೆಯಿತು. ರಸ್ತೆಯ ಎರಡೂ ಕಡೆಯ ರೈತರು ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಪಕ್ಕದ ಕಾಲುವೆಯನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದರು. ನೀರಿಗೆ ಹೋಗಲು ಜಾಗವಿಲ್ಲದೆ ರಸ್ತೆಯ ಮೇಲೇ ನಿಲ್ಲುತ್ತಿತ್ತು. ನೋಟೀಸು ಕೊಟ್ಟರೂ, ಬೈದರೂ ಯಾರೂ ಕಾಲುವೆ ಬಿಟ್ಟಿರಲಿಲ್ಲ. ಹತ್ತಿ ಬಿತ್ತನೆಗೆ ಇನ್ನೂ ಎರಡು ತಿಂಗಳಿತ್ತು, ಅದಕ್ಕೆ ಮುಂಚೆ ಮಂದೆ ತಮ್ಮ ಹೊಲಕ್ಕೆ ಬರಲೆಂದು ಎಲ್ಲರಿಗೂ ಆತುರ. ಅಜ್ಜನೂ ನಾನೂ ಒಂದು ಮಾತಿಗೆ ಬಂದೆವು. ಯಾರ ಹೊಲದ ಮುಂದೆ ಕಾಲುವೆ ಮೊಳದಾಳ ತೆಗೆದು ಚೊಕ್ಕವಾಗಿರುತ್ತದೋ ಅವರ ಹೊಲದಲ್ಲಿ ಮಂದೆ ಮೊದಲು ನಿಲ್ಲುತ್ತದೆ, ತೆಗೆಯದವರದು ಕೊನೆಗೆ. ಡಂಗುರ ಸಾರಿಸುವ ಅಗತ್ಯವೇ ಬೀಳಲಿಲ್ಲ, ಆ ಹೆಂಗಸರೇ ಊರಿಗೆಲ್ಲ ಹೇಳಿದರು. ನಾಲ್ಕನೆಯ ದಿನಕ್ಕೆ ಗಂಡಹೆಂಡಿರು ಸಲಿಕೆ ಹಿಡಿದು ಕಾಲುವೆಗೆ ಇಳಿದಿದ್ದರು. ಗಿಡಗಂಟೆ ಬೆಳೆದು ನಾವು ಗುರುತೇ ಹಿಡಿಯದಿದ್ದ ಎರಡು ಹಳೆಯ ತೂಬುಗಳೂ ಮಣ್ಣಿನಿಂದ ಹೊರಗೆ ಬಂದವು. ಮಂದೆ ಹೊಲದಿಂದ ಹೊಲಕ್ಕೆ, ಗ್ಯಾಂಗು ಫರ್ಲಾಂಗಿನಿಂದ ಫರ್ಲಾಂಗಿಗೆ, ಒಟ್ಟಿಗೇ ಮುಂದುವರಿದು ಆಷಾಢ ಮುಗಿಯುವ ಹೊತ್ತಿಗೆ ಹರಿವಾಣ ಮುಟ್ಟಿದೆವು.

ದೊಡ್ಡ ಮಳೆ ಭಾದ್ರಪದದಲ್ಲಿ ಬಂತು, ಮೂರು ದಿನ ಬಿಡಲಿಲ್ಲ. ಮೂರು ದಿನವೂ ನಾನೂ ಮೇಸ್ತ್ರಿಯೂ ಗೋಣಿಚೀಲ ತಲೆಗೆ ಹಾಕಿಕೊಂಡು ಆ ರಸ್ತೆಯಲ್ಲಿ ನಡೆದೆವು. ನೀರು ರಸ್ತೆಯ ಉಬ್ಬಿದ ಬೆನ್ನಿನಿಂದ ಇಳಿದು ಎರಡೂ ಕಡೆ ಕಾಲುವೆಯಲ್ಲಿ ಹರಿದುಹೋಗುವುದನ್ನು ನೋಡುವುದೇ ಒಂದು ಸುಖವಾಗಿತ್ತು. ಒಂದೇ ಕಡೆ, ಹಟಮಾರಿ ರೈತನೊಬ್ಬ ಕಾಲುವೆ ಬಿಡದ ಜಾಗದಲ್ಲಿ, ನೀರು ರಸ್ತೆಗೆ ಅಡ್ಡ ಹಾದು ಎರಡು ತಗ್ಗು ಮಾಡಿತು. ಅದೇ ದಿನ ಬದಿಯಲ್ಲಿ ಕೂಡಿಟ್ಟಿದ್ದ ಜಲ್ಲಿಯಿಂದ ತುಂಬಿ ದಮ್ಮಸ್ಸು ಹೊಡೆದೆವು. ಕೌತಾಳಂ ದಾರಿಯಲ್ಲಿ ಆ ಮಳೆಗೆ ಒಂದು ಬಂಡಿಯೂ ಹೊರಡಲಿಲ್ಲ. ದಸರೆಗೆ ಅವನ ಮಗಳಿಗೆ ಆದವಾನಿಯಲ್ಲೇ ಹೆಣ್ಣುಮಗು ಹುಟ್ಟಿತು.

ಶಿವರಾತ್ರಿಯ ಹೊತ್ತಿಗೆ ಹತ್ತಿ ಬಂಡಿಗಳು ಆದವಾನಿಯ ಕಡೆಗೆ ಸಾಲುಗಟ್ಟಿದವು. ಇಂಜಿನಿಯರರು ಬಂದರು. ಕಾರು ಊರ ಹೊರಗೇ ನಿಲ್ಲಿಸಿ, ಮೇಸ್ತ್ರಿಯ ಕೈಯಿಂದ ಪಿಕಾಸಿ ತೆಗೆದುಕೊಂಡು ತಾವೇ ಒಂದು ಗುಳಿ ತೋಡಲು ಹೊರಟರು. ಗುಳಿ ಬೀಳುವುದಕ್ಕೆ ಅವರು ಕೋಟು ಬಿಚ್ಚಬೇಕಾಯಿತು. ಅಳೆದರೆ ಹೊಸ ಪದರ ನಾಲ್ಕು ಬೆರಳಿಗೆ ಕೂದಲೆಳೆಯಷ್ಟು ಕಡಿಮೆ. ಬೆವರು ಒರೆಸಿಕೊಂಡು, ರೋಲರು ಎಲ್ಲಿಂದ ತಂದಿರಿ ಎಂದು ಕೇಳಿದರು. ಮೇಸ್ತ್ರಿ ಹಳ್ಳದ ಕಡೆ ಕೈ ತೋರಿಸಿದ. ಅಲ್ಲಿ ಕುರುಬ ಅಜ್ಜನ ಮಂದೆ ಯಾರ ಹೆದರಿಕೆಯೂ ಇಲ್ಲದೆ ರಸ್ತೆಬದಿಯ ಹುಲ್ಲು ಮೇಯುತ್ತಿತ್ತು. ಇಂಜಿನಿಯರರು ನಕ್ಕದ್ದನ್ನು ನಾನು ನೋಡಿದ್ದು ಆವತ್ತೇ. ಗ್ಯಾಂಗು ಉಳಿಯಿತು, ಎರಡನೆಯ ವರ್ಷದ ಜಲ್ಲಿ ಒಂದು ಗುಡ್ಡೆಯೂ ಆಚೀಚೆಯಾಗದೆ ಕೌತಾಳಕ್ಕೆ ಮಂಜೂರಾಯಿತು. ಸಾಹುಕಾರರು ಬೇಸಗೆಯಲ್ಲಿ ತಮ್ಮ ಹನ್ನೆರಡು ಬಂಡಿಗಳನ್ನು ಜಲ್ಲಿ ಹೊರಲು ಕಳಿಸಿದರು. ತಾವೂ ಒಂದು ದಿನ ಬಂದು, ಬೆತ್ತದಿಂದ ಪದರ ಕುಟ್ಟಿ ನೋಡಿ ಹೋದರು.

ಕೌತಾಳಂ ರಸ್ತೆ ಮುಗಿದದ್ದು ನಾಗರಪಂಚಮಿಗೆ ನಾಲ್ಕು ದಿನವಿರುವಾಗ. ಬಾಣಂತನ ಮುಗಿಸಿ ಗಂಡನ ಮನೆಗೆ ಹೋಗಿದ್ದ ಮಗಳನ್ನು ಹಬ್ಬಕ್ಕೆ ಕರೆತರಲು ಮೇಸ್ತ್ರಿ ಹಿಂದಿನ ದಿನವೇ ಬಂಡಿ ಕಟ್ಟಿಕೊಂಡು ಹೋಗಿದ್ದ. ನಾನು ಆದವಾನಿಯ ಹತ್ತಿರದ ಕೊನೆಯ ಫರ್ಲಾಂಗಿನ ಕಾಲುವೆ ನೋಡುತ್ತ ನಿಂತಿದ್ದಾಗ ಎದುರಿನಿಂದ ಬಂಡಿ ಬಂತು. ಜಿನುಗು ಮಳೆ. ಎತ್ತುಗಳು ಕೊರಳಗಂಟೆ ಅಲ್ಲಾಡಿಸುತ್ತ ಹಗುರಾಗಿ ಬರುತ್ತಿದ್ದವು. ಮಗಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಂಡಿಯಲ್ಲಿ ಕೂತಿದ್ದಳು. ಮೇಸ್ತ್ರಿ ಬಂಡಿಯಲ್ಲಿರಲಿಲ್ಲ. ಪಕ್ಕದಲ್ಲಿ ಬಗ್ಗಿಕೊಂಡು, ಗಾಲಿಯ ಪಟ್ಟಿ ಜಲ್ಲಿಯ ಮೇಲೆ ಗೀರು ಬೀಳಿಸುತ್ತದೆಯೇ ಎಂದು ನೋಡುತ್ತ ನಡೆದು ಬರುತ್ತಿದ್ದ. ಕೌತಾಳದಿಂದಲೂ ಹಾಗೇ ಬಂದಿದ್ದನಂತೆ.

"ನೀವಾರ ಹೇಳ್ರಿ ಸಾರ್" ಎಂದಳು ಮಗಳು. "ಮೊಮ್ಮಗಳನ್ನ ನೋಡಪ್ಪಾ ಅಂದ್ರ ಗಾಲಿ ನೋಡ್ತಾನ. ಕೂಸು ಊರು ಬಿಟ್ಟಾಗ ಮಲಗಿದ್ದು, ಇನ್ನೂ ಎದ್ದಿಲ್ಲ."

ಮೇಸ್ತ್ರಿ ಬೆನ್ನು ನೆಟ್ಟಗೆ ಮಾಡಿ ನನ್ನ ಮುಖ ನೋಡಿದ. "ಕೇಳಿದ್ರೇನು ಸಾರ್? ಇನ್ನೂ ಎದ್ದಿಲ್ಲಂತ" ಎಂದ. ಕಣ್ಣು ತುಂಬಿ ಬಂದಿತ್ತು. ಟವೆಲಿನಿಂದ ಮುಖ ಒರೆಸಿಕೊಂಡು, ಬಂಡಿಯ ಹಿಂಬದಿಗೆ ಹತ್ತಿ ಮಗಳ ಪಕ್ಕದಲ್ಲಿ ಕೂತ.